ಅಜ್ಜಿಯ ಮುತ್ತು ಮತ್ತು ಒಂದು ಲ್ಯಾಬ್ ರಿಪೋರ್ಟು

ಕಳೆದ ಬೇಸಿಗೆಯ ಒಂದು ಶುಕ್ರವಾರ, ರಾತ್ರಿ ಹತ್ತೂವರೆ. ನಮ್ಮ ನಾಲ್ಕು ವರ್ಷದ ಪುಟ್ಟಿ ಆಗಲೇ ಮಲಗಿದ್ದಳು. ನಾನು ಆಫೀಸಿನ ಯಾವುದೋ ಕೋಡ್ ಜೊತೆ ಗುದ್ದಾಡುತ್ತ ಕೂತಿದ್ದೆ. ನನ್ನಾಕೆ ಬಂದು ತನ್ನ ಫೋನನ್ನು ನನ್ನ ಕೀಬೋರ್ಡಿನ ಮೇಲೇ ಇಟ್ಟಳು. "ಇದನ್ನ ನೋಡಿ" ಅಂದಳು, ಅಷ್ಟೇ.

ಪುಟ್ಟಿಯ ರಕ್ತಪರೀಕ್ಷೆಯ ರಿಪೋರ್ಟು. ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆ, ಐಜಿಜಿ: ಪಾಸಿಟಿವ್. ಕೆಂಪು ಅಕ್ಷರ, ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಬೇರೆ! ಅದರ ಕೆಳಗೆ ಎಪ್‌ಸ್ಟೀನ್-ಬಾರ್ ವೈರಸ್: ಪಾಸಿಟಿವ್. ಸೈಟೊಮೆಗಲೊ ವೈರಸ್: ಪಾಸಿಟಿವ್. ಹರ್ಪಿಸ್ ಎರಡನೇ ಬಗೆ ಮಾತ್ರ ನೆಗೆಟಿವ್.

ಆಗಿದ್ದಿಷ್ಟು. ಪುಟ್ಟಿಗೆ ಮೂರು ವಾರದಲ್ಲಿ ಎರಡು ಸಲ ಜ್ವರ ಬಂದು, ಬಾಯಲ್ಲಿ ಹುಣ್ಣಾಗಿತ್ತು. ನಮ್ಮ ಮಾಮೂಲಿ ಮಕ್ಕಳ ಡಾಕ್ಟರು ರಜದಲ್ಲಿದ್ದರು ಅಂತ ಒಂದು ಅರ್ಜೆಂಟ್ ಕೇರ್‌ಗೆ ಹೋದೆವು. ಅಲ್ಲಿದ್ದವರು ಯಾವುದಕ್ಕೂ ಇರಲಿ ಅಂತ ಉದ್ದದ ಒಂದು ಪಟ್ಟಿಯನ್ನೇ ಬರೆದು ರಕ್ತ ತೆಗೆಸಿದರು. ಇಲ್ಲಿ ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಿಂದಾಗಿ ಲ್ಯಾಬ್ ಫಲಿತಾಂಶ ತಯಾರಾದ ತಕ್ಷಣ ರೋಗಿಯ ಫೋನಿಗೇ ಬಂದು ಬೀಳುತ್ತದೆ. ಡಾಕ್ಟರು ನೋಡುವುದು ಸೋಮವಾರ, ನಾವು ನೋಡುವುದು ಶುಕ್ರವಾರ ರಾತ್ರಿ. ಮಧ್ಯೆ ಎರಡು ದಿನ ಗೂಗಲ್ ಮತ್ತು ನಮ್ಮ ಕಲ್ಪನಾಶಕ್ತಿ.

"ರೀ, ಇದು... ಆ ಕಾಯಿಲೆ ತಾನೆ?" ಅಂದಳು ನನ್ನಾಕೆ. ಆ ಪ್ರಶ್ನೆಯ ಹಿಂದೆಯೇ ಇನ್ನೊಂದು ನೋಟ ಬಂತು. ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ಅಂಥ ನೋಟವನ್ನು ನಾನು ನೋಡಿರಲಿಲ್ಲ. ನಾನೂ ಅವಳನ್ನು ಹಾಗೆ ನೋಡಿದೆನೋ ಏನೋ, ಗೊತ್ತಿಲ್ಲ. ಅವಳು ಆಗ ಆರು ತಿಂಗಳ ಬಸುರಿ.

ಬಾಣಂತನಕ್ಕೆಂದು ನಮ್ಮ ಅತ್ತೆಯವರು ಅರಸೀಕೆರೆಯಿಂದ ಬಂದು ಆಗ ಆರು ವಾರವಾಗಿತ್ತು. ಬಂದಿಳಿದಾಗ ಅವರ ತುಟಿಯಂಚಿನಲ್ಲಿ ಗುಳ್ಳೆ ಎದ್ದಿತ್ತು. ಅವರಿಗದು ಹಳೆಯ ಪರಿಚಯ. ಪ್ರಯಾಣ, ಬಿಸಿಲು, ನಿದ್ದೆಗೆಟ್ಟರೆ ಬರುವುದೇ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಇಂಥದಕ್ಕೆ "ಜೇಡ ಉಚ್ಚೆ ಹೊಯ್ದಿದೆ" ಅನ್ನುತ್ತಿದ್ದರು. ಪಾಪ, ಜೇಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಗೂಗಲ್ ನೋಡಿದ ನನ್ನಾಕೆಗೆ ಆ ಗುಳ್ಳೆ ನೆನಪಾಯಿತು. ಬೆಳಗ್ಗೆ ಎದ್ದವಳೇ, "ಅಮ್ಮಾ, ಇನ್ಮೇಲೆ ಪುಟ್ಟಿಗೆ ಮುತ್ತು ಕೊಡಬೇಡ. ನಿನ್ನ ತಟ್ಟೇಲಿ ತಿನ್ನಿಸಬೇಡ" ಅಂದುಬಿಟ್ಟಳು.

ಅತ್ತೆ ಏನೂ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ತಟ್ಟೆ, ಲೋಟ, ಚಮಚ ಸಿಂಕಿನ ಪಕ್ಕದಲ್ಲಿ ಬೇರೆ ಕೂತಿದ್ದವು. ಪುಟ್ಟಿ ಕಚ್ಚಿ ಕೊಟ್ಟ ಬಿಸ್ಕತ್ತನ್ನು ಅವರು ತೆಗೆದುಕೊಳ್ಳಲಿಲ್ಲ. ಮಗುವಿಗೆ ಅರ್ಥವಾಗಲಿಲ್ಲ, ಅತ್ತಳು. ಭಾನುವಾರ ಮಗಳು ಮಲಗಿದ್ದಾಗ ಅತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಅಳಿಯಂದಿರೇ, ನೀವು ಓದಿದೋರು. ಅದೇನು ಕಾಯಿಲೆ? ನನ್ನಿಂದಾನೇ ಬಂತಾ ಮಗೂಗೆ? ನಿಜ ಹೇಳಿ."

"ಸರಿಯಾಗಿ ತಿಳ್ಕೊಂಡು ಹೇಳ್ತೀನಿ ಅತ್ತೆ" ಅಂದೆ. ನಾನು ಡಾಕ್ಟರ್ ಅಲ್ಲ, ಬರೀ ಬಿ.ಇ. ಓದಿದವನು. ಆದರೆ ಮುಂದಿನ ಕೆಲವು ವಾರ ನಾನು ಓದಿದ್ದನ್ನು, ಮಕ್ಕಳ ಡಾಕ್ಟರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕೂಟದಲ್ಲಿ ಚಿಕ್ಕ ಮಕ್ಕಳಿರುವ ಮನೆಗಳು ಎಷ್ಟಿವೆಯೋ, ಊರಿಂದ ಬಂದು ಹೋಗುವ ಅಜ್ಜ-ಅಜ್ಜಿಯರೂ ಅಷ್ಟೇ ಇದ್ದಾರಲ್ಲ.

ಮೊದಲು ಆ ಹೆಸರು. ಹರ್ಪಿಸ್ ಎಂದರೆ ಒಂದು ವೈರಸ್ ಅಲ್ಲ, ಒಂದು ದೊಡ್ಡ ಕುಟುಂಬ. ಮನುಷ್ಯರಿಗೆ ಅಂಟುವವು ಎಂಟು. ಆರನೆಯದನ್ನು ಎ, ಬಿ ಎಂದು ಎರಡಾಗಿ ಎಣಿಸಿದರೆ ಒಂಬತ್ತು. ತುಟಿಗುಳ್ಳೆಯ ವೈರಸ್ ಅದರಲ್ಲಿ ಒಂದು. ಜನನಾಂಗದ ಹುಣ್ಣಿಗೆ ಹೆಚ್ಚಾಗಿ ಕಾರಣವಾಗುವ ಎರಡನೇ ಬಗೆ ಇನ್ನೊಂದು. ನಮ್ಮೂರಲ್ಲಿ "ಅಮ್ಮ" ಅಂತ ಕರೆದು ಬೇವಿನ ಸೊಪ್ಪು ಇಡುತ್ತಿದ್ದ ಚಿಕನ್ ಪಾಕ್ಸ್ ಮೂರನೆಯದು! ಅದೇ ವೈರಸ್ ದೇಹದ ನರದಲ್ಲಿ ವರ್ಷಗಟ್ಟಲೆ ಮಲಗಿದ್ದು, ವಯಸ್ಸಾದ ಮೇಲೆ ಎದ್ದರೆ ಅದು ಸರ್ಪಸುತ್ತು. ಇಲ್ಲೊಂದು ಸ್ವಾರಸ್ಯ ಇದೆ. ಗ್ರೀಕಿನ "ಹರ್ಪಿಸ್" ಪದಕ್ಕೆ ಹರಿದಾಡು, ತೆವಳು ಎಂಬ ಅರ್ಥದ ಧಾತು ಮೂಲ. ಸಂಸ್ಕೃತದ "ಸರ್ಪ"ಕ್ಕೂ ಮೂಲ ಅದೇ. ಸರ್ಪಸುತ್ತಿಗೆ ಇಂಗ್ಲಿಷ್ ವೈದ್ಯರು ಇಟ್ಟ ಹೆಸರು ಹರ್ಪಿಸ್ ಝೋಸ್ಟರ್, ಝೋಸ್ಟರ್ ಎಂದರೆ ಸೊಂಟದ ಪಟ್ಟಿ. ಅಂದರೆ ಹರ್ಪಿಸ್ ಅನ್ನುವ ಪದ ನಮಗೆ ಹೊಸದೇನಲ್ಲ. ಅಜ್ಜನಿಗೆ ಸರ್ಪಸುತ್ತು ಆಗಿತ್ತು ಅಂತ ಹೇಳುವಾಗ ಯಾರೂ ತಲೆ ತಗ್ಗಿಸುವುದಿಲ್ಲ. 1982ರಲ್ಲಿ ಟೈಮ್ ಪತ್ರಿಕೆ ಜನನಾಂಗದ ಹರ್ಪಿಸನ್ನು ಮುಖಪುಟಕ್ಕೆ ತಂದಿತು. ಆ ಕಾಲದ ಭಯ, ನಾಚಿಕೆ ಪೂರ್ತಿ ಕುಟುಂಬದ ಹೆಸರಿಗೇ ಅಂಟಿಕೊಂಡು ನಿಂತಿದೆ.

ಇನ್ನು ಐಜಿಜಿ. ಅದು ವೈರಸ್ ಅಲ್ಲ, ವೈರಸ್ಸಿನ ವಿರುದ್ಧ ನಮ್ಮ ದೇಹ ಮಾಡಿಕೊಂಡ ಪ್ರತಿಕಾಯ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಲಾಗ್ ಫೈಲಿನ ಒಂದು ಸಾಲು. "ಈ ಬಳಕೆದಾರ ಎಂದೋ ಒಮ್ಮೆ ಲಾಗಿನ್ ಆಗಿದ್ದ" ಎಂದಷ್ಟೇ ಅದು ಹೇಳುತ್ತದೆ. ಎಂದು ಬಂದ, ಯಾರ ಮನೆಯಿಂದ ಬಂದ, ಈಗ ಏನಾದರೂ ಕಿತಾಪತಿ ಮಾಡುತ್ತಿದ್ದಾನೆಯೇ, ಒಂದೂ ಅದರಲ್ಲಿಲ್ಲ. ಹರ್ಪಿಸ್ ಕುಟುಂಬದವರು ಒಮ್ಮೆ ಒಳಗೆ ಬಂದರೆ ಹೋಗುವುದಿಲ್ಲ ಎಂಬುದು ನಿಜ. ನರದ ಗಂಟಿನಲ್ಲೋ ಬಿಳಿ ರಕ್ತಕಣದಲ್ಲೋ ಮಲಗಿರುತ್ತಾರೆ. ಹಾಗಾಗಿ ಲಾಗಿನ ಆ ಸಾಲೂ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಇದು ಹೊಳೆದಾಗ ನನಗೆ ನಮ್ಮ ಗ್ರೀನ್ ಕಾರ್ಡಿನ ಮೆಡಿಕಲ್ ನೆನಪಾಗಿ ನಗು ಬಂತು. (ಕಾರ್ಡ್ ಇನ್ನೂ ಬಂದಿಲ್ಲ, ಅದು ಬೇರೆ ಪುರಾಣ!) ಆಗ ಚಿಕನ್ ಪಾಕ್ಸ್ ಆಗಿತ್ತಾ ಅಂತ ಕೇಳಿದರು. ಎರಡನೇ ಕ್ಲಾಸಿನಲ್ಲಿ ಅಮ್ಮ ಬಂದಿತ್ತು ಅಂತ ನಮ್ಮ ತಾಯಿ ಹೇಳುತ್ತಾರೆ, ಕಾಗದ ಎಲ್ಲಿಂದ ತರಲಿ? ರಕ್ತಪರೀಕ್ಷೆ ಮಾಡಿಸಿದರು. ಐಜಿಜಿ ಪಾಸಿಟಿವ್ ಬಂತು. ಎರಡು ಚುಚ್ಚುಮದ್ದು ಉಳಿಯಿತು ಅಂತ ಅವತ್ತು ಖುಷಿಯಾಗಿ ಮಸಾಲೆ ದೋಸೆ ತಿಂದು ಬಂದೆವು. ಅದೂ ಹರ್ಪಿಸ್ ವೈರಸ್ಸಿನ ಪ್ರತಿಕಾಯವೇ. ಅದೇ ಐಜಿಜಿ, ಅದೇ ಪಾಸಿಟಿವ್. ಅಪ್ಪನದಾದರೆ ದೋಸೆ, ಮಗಳದಾದರೆ ಕಣ್ಣೀರು!

ಸರಿ, ನಾಲ್ಕು ವರ್ಷದ ಮಗುವಿನಲ್ಲಿ ಇದೆಲ್ಲ ಇರುವುದು ವಿಚಿತ್ರವೇ? ಅಂಕಿಅಂಶ ನೋಡಿದೆ. ಅಮೆರಿಕ ಸರ್ಕಾರ ಟ್ರೇಲರ್‌ಗಳಲ್ಲಿ ಊರೂರು ಸುತ್ತಿ ಜನರ ರಕ್ತ ತೆಗೆದು ಪರೀಕ್ಷಿಸುವ ಒಂದು ದೊಡ್ಡ ಆರೋಗ್ಯ ಸಮೀಕ್ಷೆ ನಡೆಸುತ್ತದೆ. ಅದರಲ್ಲಿ 2011-12ರಲ್ಲಿ 1ರಿಂದ 5 ವರ್ಷದ ಮಕ್ಕಳನ್ನು ನೋಡಿದಾಗ ಸೈಟೊಮೆಗಲೊ ವೈರಸ್ಸಿನ (ಸಿಎಂವಿ ಅನ್ನೋಣ) ಪ್ರತಿಕಾಯ ಶೇಕಡ 20.7 ಮಕ್ಕಳಲ್ಲಿ ಇತ್ತು, ಅಂದರೆ ಐವರಲ್ಲಿ ಒಬ್ಬರಿಗೆ. ತುಟಿಗುಳ್ಳೆಯ ಹರ್ಪಿಸ್ಸಿನ ಪ್ರತಿಕಾಯ 1999-2002ರ ಸಮೀಕ್ಷೆಯಲ್ಲಿ 6ರಿಂದ 13 ವರ್ಷದ ಮಕ್ಕಳ ಪೈಕಿ ಶೇಕಡ 31ರಷ್ಟು ಮಕ್ಕಳಲ್ಲಿತ್ತು; ಆರೇಳು ವರ್ಷದವರಲ್ಲೇ ಶೇಕಡ 26. ಎಪ್‌ಸ್ಟೀನ್-ಬಾರ್ ಆರರಿಂದ ಎಂಟು ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ಪುಟ್ಟಿಯ ಡೇಕೇರ್ ತರಗತಿಯಲ್ಲಿ ಹದಿನೈದು ಮಕ್ಕಳಿದ್ದಾರೆ. ಅವರೆಲ್ಲರ ರಕ್ತ ತೆಗೆಸಿದ್ದರೆ ಆ ಶುಕ್ರವಾರ ರಾತ್ರಿ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿತ್ತೋ!

ಕುಟುಂಬದ ಆರನೆಯವನ ಕಥೆ ಇನ್ನೂ ಚೆನ್ನಾಗಿದೆ. 1986ರಲ್ಲಿ ಪತ್ತೆಯಾದ ಈ ವೈರಸ್ಸಿನ ಹೆಸರನ್ನು ನಮ್ಮಲ್ಲಿ ಬಹುಪಾಲು ಜನ ಕೇಳಿಯೇ ಇರುವುದಿಲ್ಲ. ಸಿಯಾಟಲ್ ಸುತ್ತಮುತ್ತ 277 ಹಸುಗೂಸುಗಳ ಜೊಲ್ಲನ್ನು ಅಪ್ಪ-ಅಮ್ಮಂದಿರೇ ವಾರವಾರ ತೆಗೆದು ಕೊಟ್ಟು ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮೊದಲ ಹುಟ್ಟುಹಬ್ಬದೊಳಗೆ ಶೇಕಡ 40, ಎರಡನೆಯದರೊಳಗೆ ಶೇಕಡ 77 ಮಕ್ಕಳಿಗೆ ಈ ವೈರಸ್ ಅಂಟಿತ್ತು. ಮನೆಯಲ್ಲಿ ಅಕ್ಕ-ಅಣ್ಣ ಇದ್ದವರಿಗೆ ಹೆಚ್ಚು. ಮೂರು ದಿನ ಜೋರು ಜ್ವರ ಬಂದು, ಬಿಟ್ಟ ಮೇಲೆ ಮೈಮೇಲೆ ಗುಲಾಬಿ ದದ್ದು ಏಳುತ್ತದಲ್ಲ, ರೋಸಿಯೋಲಾ ಅನ್ನುತ್ತಾರೆ, ಅದು ಇದರದೇ ಕೆಲಸ. ಆ ಅಧ್ಯಯನದಲ್ಲಿ ಕಾಲುಭಾಗದಷ್ಟು ಮಕ್ಕಳಿಗೆ ಮಾತ್ರ ಹಾಗೆ ದದ್ದಿನ ಸಮೇತ ಬಂದಿತ್ತು. ಉಳಿದವರದು ಯಾವುದೋ ಒಂದು ಜ್ವರ, ಮೂಗು ಸೋರುವುದು, ಕಿರಿಕಿರಿ. ಹಾಗೆಂದು ಪೂರ್ತಿ ಸಾಧುವೂ ಅಲ್ಲ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಜ್ವರವೆಂದು ಬಂದ ಮಕ್ಕಳನ್ನು ನೋಡಿದ 1994ರ ಅಧ್ಯಯನವೊಂದರಲ್ಲಿ, ಎರಡು ವರ್ಷದೊಳಗಿನವರ ಜ್ವರದ ಫಿಟ್ಸ್‌ನಲ್ಲಿ ಮೂರರಲ್ಲಿ ಒಂದು ಪಾಲಿಗೆ ಇದೇ ಕಾರಣವಾಗಿತ್ತು.

ಇವೆಲ್ಲ ಹರಡುವುದು ಹೇಗೆ? ಬಹುಪಾಲು ಎಂಜಲಿನಿಂದ. ಕನ್ನಡದಲ್ಲಿ ಇದಕ್ಕೆ ಎಷ್ಟು ಒಳ್ಳೆಯ ಪದ ಇದೆ ನೋಡಿ; ಇಂಗ್ಲಿಷಿನಲ್ಲಿ ಒಂದು ಇಡೀ ವಾಕ್ಯ ಬೇಕಾಗುತ್ತದೆ. ಎಂಜಲು ಮಾಡಬೇಡ ಅನ್ನುವ ಮಡಿಯ ಅಜ್ಜಿಯರೇ ಮೊಮ್ಮಕ್ಕಳ ವಿಷಯ ಬಂದಾಗ ಮರೆತುಬಿಡುತ್ತಿದ್ದರು. ಊದಿ ತಿನ್ನಿಸಿದ ತುತ್ತು, ಬಿಸಿ ನೋಡಲು ಬಾಯಿಗಿಟ್ಟ ಹಾಲಿನ ಚಮಚ, ಕೆನ್ನೆಗೆ ಮುತ್ತು. ಸ್ಕೂಲಲ್ಲಿ ನಾವು ಮಾಡುತ್ತಿದ್ದ ಕಾಗೆ ಎಂಜಲು ನೆನಪಿದೆಯಾ? ಪೆಪ್ಪರ್‌ಮಿಂಟನ್ನು ಅಂಗಿಯ ತುದಿಯಲ್ಲಿ ಸುತ್ತಿ ಕಚ್ಚಿ ಹಂಚಿಕೊಂಡರೆ ಎಂಜಲಾಗುವುದಿಲ್ಲ ಎಂಬ ದೃಢವಾದ ನಂಬಿಕೆ. ವೈರಸ್ಸಿಗೆ ಆ ನಿಯಮ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಂದು ವಿಷಯ: ತುಟಿಯಲ್ಲಿ ಗುಳ್ಳೆ ಇಲ್ಲದಿದ್ದಾಗಲೂ ಆಗಾಗ ವೈರಸ್ ಜೊಲ್ಲಿನಲ್ಲಿ ಬರುತ್ತದೆ. ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನ ಪ್ರಕಾರ 50 ವರ್ಷದೊಳಗಿನ ಜನರಲ್ಲಿ 380 ಕೋಟಿ ಮಂದಿಗೆ, ಅಂದರೆ ಶೇಕಡ 64 ಜನರಿಗೆ, ಒಂದನೇ ಬಗೆಯ ಹರ್ಪಿಸ್ ಇದೆ. ಹೆಚ್ಚಿನವರಿಗೆ ಬಾಲ್ಯದಲ್ಲೇ ಬಂದದ್ದು. ಇಕ್ಕಟ್ಟಿನ ಮನೆ, ತುಂಬಿದ ಸಂಸಾರ ಇದ್ದಲ್ಲಿ ಬೇಗ. ಒಂದೊಂದು ಮಗುವಿಗೆ ಒಂದೊಂದು ಕೋಣೆ ಇದ್ದಲ್ಲಿ ತಡ. ಅಮೆರಿಕದಲ್ಲಿ 14ರಿಂದ 19ರ ವಯಸ್ಸಿನವರಲ್ಲಿ ಇದು 2015-16ರ ಹೊತ್ತಿಗೆ ಶೇಕಡ 27ಕ್ಕೆ ಇಳಿದಿತ್ತು. ಇಳಿದರೆ ಒಳ್ಳೆಯದೇ ಅಲ್ಲವೇ ಅಂತ ನಾನೂ ಅಂದುಕೊಂಡೆ. ಆದರೆ ಚಿಕ್ಕಂದಿನಲ್ಲಿ ಬಾಯಲ್ಲಿ ಬಾರದಿದ್ದವರಿಗೆ ಅದೇ ವೈರಸ್ ಹರೆಯದಲ್ಲಿ, ಬೇರೆ ಕಡೆ ಮೊದಲ ಸಲ ಬರುತ್ತಿದೆ. ಎಪ್‌ಸ್ಟೀನ್-ಬಾರ್ ಕೂಡ ಹಾಗೇ. ಪುಟ್ಟಿಯ ವಯಸ್ಸಿನಲ್ಲಿ ಬಂದರೆ ನೆಗಡಿಯಂತೆ ಬಂದು ಹೋಗುತ್ತದೆ, ಎಷ್ಟೋ ಸಲ ಅದೂ ಇಲ್ಲ. ಕಾಲೇಜಿನ ವಯಸ್ಸಿನಲ್ಲಿ ಬಂದರೆ "ಮೋನೋ", ವಾರಗಟ್ಟಲೆ ಗಂಟಲು ಊದಿ ಹಾಸಿಗೆ ಹಿಡಿಸುತ್ತದೆ. ಇದು ಬಂದಿದ್ದಕ್ಕೆ ಸಂತೋಷಪಡಬೇಕು ಅಂತ ಹೇಳುತ್ತಿಲ್ಲ. ಎಪ್‌ಸ್ಟೀನ್-ಬಾರ್ ಅಂಟಿದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಅಪಾಯ 32 ಪಟ್ಟು ಹೆಚ್ಚುತ್ತದೆ ಎಂದು ಅಮೆರಿಕದ ಸೈನಿಕರ ಮೇಲೆ ನಡೆದ ಅಧ್ಯಯನ 2022ರಲ್ಲಿ ತೋರಿಸಿತು. ಆದರೆ ದೊಡ್ಡವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಆ ವೈರಸ್ ಇದೆ, ಆ ರೋಗ ಬರುವುದು ಬಹಳ ಕಡಿಮೆ ಮಂದಿಗೆ. ಪುಟ್ಟಿಯ ರಿಪೋರ್ಟಿನ ಆ ಒಂದು ಸಾಲಿನಿಂದ ಅವಳ ಭವಿಷ್ಯ ಓದಲು ಆಗುವುದಿಲ್ಲ.

ಚಿಕನ್ ಪಾಕ್ಸ್ ಮಾತ್ರ ಈ ಲೆಕ್ಕಕ್ಕೆ ತಲೆಕೆಳಗು. ಲಸಿಕೆ ಬರುವ ಮೊದಲು ಚಳಿ ದೇಶಗಳಲ್ಲಿ ಹತ್ತು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಬರುತ್ತಿತ್ತು; ನಮ್ಮಂಥ ಬಿಸಿ ದೇಶಗಳಲ್ಲಿ ನಿಧಾನ, ಎಷ್ಟೋ ಜನ ಬಾರದೇ ದೊಡ್ಡವರಾಗುತ್ತಾರೆ. ಹಾಗೆ ಬಂದ ನನ್ನ ರೂಮ್‌ಮೇಟ್ ಒಬ್ಬ ಇಲ್ಲಿ ಎಂ.ಎಸ್. ಓದುವಾಗ ಇಪ್ಪತ್ತೈದನೇ ವಯಸ್ಸಿನಲ್ಲಿ ಬಿದ್ದ ಪಾಡು ಶತ್ರುವಿಗೂ ಬೇಡ. ಆದ್ದರಿಂದ ನಿಮಗೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಅಮ್ಮನನ್ನು ಕೇಳಿ, ಅವರಿಗೂ ಗೊತ್ತಿಲ್ಲದಿದ್ದರೆ ಡಾಕ್ಟರನ್ನು ಕೇಳಿ.

ಸೋಮವಾರ ಮಕ್ಕಳ ಡಾಕ್ಟರು ರಿಪೋರ್ಟ್ ನೋಡಿ ಮೊದಲು ಕೇಳಿದ್ದು, ಇದನ್ನು ಯಾಕೆ ಮಾಡಿಸಿದಿರಿ ಅಂತ. ಪುಟ್ಟಿಯ ಬಾಯಿಹುಣ್ಣು ಬೇರೆ ಯಾವುದೋ ಡೇಕೇರ್ ವೈರಸ್ಸಿನದು, ಅಷ್ಟರಲ್ಲಿ ವಾಸಿಯೂ ಆಗಿತ್ತು. ಹುಣ್ಣು ಇದ್ದಾಗ ಅದರಿಂದಲೇ ಒರೆಸಿ ತೆಗೆದು ಪರೀಕ್ಷೆ ಮಾಡಿದರೆ ಉತ್ತರ ಸಿಗುತ್ತದೆ, ರಕ್ತದ ಪ್ರತಿಕಾಯದಿಂದ ಅಲ್ಲ ಅಂದರು. ಇನ್ನೂ ವರ್ಷ ತುಂಬದ ಮಗುವಾದರೆ ಪಾಸಿಟಿವ್ ಬಂದರೂ ಅದು ಹೊಕ್ಕುಳಬಳ್ಳಿಯಿಂದ ಬಂದ ತಾಯಿಯ ಪ್ರತಿಕಾಯ ಇರಬಹುದು. ಹೊಸ ಸೋಂಕು ತೋರಿಸುತ್ತದೆ ಅನ್ನುವ ಐಜಿಎಂ ಪರೀಕ್ಷೆ ಹರ್ಪಿಸ್ ಸಿಂಪ್ಲೆಕ್ಸ್ ವಿಷಯದಲ್ಲಿ ನಂಬಿಕೆಗೆ ಯೋಗ್ಯವಲ್ಲ. ಲಕ್ಷಣವಿಲ್ಲದ ದೊಡ್ಡವರಿಗೂ ಹರ್ಪಿಸ್ ರಕ್ತಪರೀಕ್ಷೆ ವಾಡಿಕೆಯಾಗಿ ಮಾಡಬಾರದೆಂದು ಇಲ್ಲಿನ ತಜ್ಞರ ಮಂಡಳಿ 2016ರಲ್ಲಿ ಹೇಳಿದ್ದನ್ನು 2023ರಲ್ಲಿ ಮತ್ತೆ ಹೇಳಿದೆ. ಮಗುವಿನ ಗುಪ್ತಾಂಗದಲ್ಲಿ ಹುಣ್ಣಾಗಿದ್ದರೆ ಮಾತು ಬೇರೆ, ತಡಮಾಡದೆ ತೋರಿಸಬೇಕು.

ಅವತ್ತು ಸಂಜೆ ನನ್ನಾಕೆ ಹಳೆಯ ಫೈಲೊಂದನ್ನು ತೆಗೆದಳು. ಪುಟ್ಟಿ ಹೊಟ್ಟೆಯಲ್ಲಿದ್ದಾಗ ಅವಳು ತಂಗಿಯ ಮದುವೆಗೆ ಊರಿಗೆ ಹೋಗಿ ಎರಡು ತಿಂಗಳು ಇದ್ದಳು. ಆಗ ಬೆಂಗಳೂರಿನಲ್ಲಿ ಟಾರ್ಚ್ ಟೆಸ್ಟ್ ಮಾಡಿಸಿದ್ದರು, ಅಲ್ಲಿ ಬಸುರಿಯರಿಗೆ ಬಹಳ ಕಡೆ ಬರೆಯುತ್ತಾರಲ್ಲ. ಆ ಹಾಳೆಯಲ್ಲಿ ಸಿಎಂವಿ ಐಜಿಜಿ: ಪಾಸಿಟಿವ್. ಹರ್ಪಿಸ್ ಐಜಿಜಿ: ಪಾಸಿಟಿವ್. ಐದು ವರ್ಷ ಫೈಲಿನಲ್ಲಿ ಇತ್ತು, ಕೆಂಪು ಅಕ್ಷರ ಇರಲಿಲ್ಲ, ಯಾರೂ ಗಮನಿಸಿರಲಿಲ್ಲ. ಅವಳು ಹಾಳೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಅಡುಗೆಮನೆಗೆ ಹೋಗಿ ಅಮ್ಮನ ಬೇರೆ ಇಟ್ಟ ತಟ್ಟೆ-ಲೋಟವನ್ನು ನಮ್ಮ ಪಾತ್ರೆಗಳ ಜೊತೆ ಡಿಶ್‌ವಾಷರ್‌ಗೆ ಹಾಕಿದಳು. ಇಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ.

ಆದರೆ ಅತ್ತೆಗೆ ಪೂರ್ತಿ ನಿಜ ಹೇಳುತ್ತೇನೆ ಅಂದಿದ್ದೆನಲ್ಲ, ಇನ್ನರ್ಧ ಬಾಕಿ ಇತ್ತು. ನಾಲ್ಕು ವರ್ಷದ ಮಗುವಿಗೆ ಏನೂ ಅಲ್ಲದ್ದು ನಾಲ್ಕು ದಿನದ ಮಗುವಿಗೆ ಜೀವಕ್ಕೇ ಬರಬಹುದು. ಹುಟ್ಟಿದ ಮೊದಲ ವಾರಗಳಲ್ಲಿ ತುಟಿಗುಳ್ಳೆಯ ವೈರಸ್ ತಗುಲಿದರೆ ಅದು ಮಿದುಳಿಗೆ, ಯಕೃತ್ತಿಗೆ ಹಬ್ಬಬಹುದು. ಅಪರೂಪ, ಆದರೆ ಬಂದರೆ ಘೋರ. ತಾಯಿಗೆ ಹಳೆಯ ಸೋಂಕಿದ್ದರೆ ಅವಳ ಪ್ರತಿಕಾಯ ಮಗುವಿಗೆ ಸ್ವಲ್ಪ ರಕ್ಷಣೆ ಕೊಡುತ್ತದೆ, ಅಷ್ಟನ್ನೇ ನಂಬಿ ಕೂರುವಂತಿಲ್ಲ. ಗುಳ್ಳೆ ಇದ್ದವರು, ಅಜ್ಜಿಯಾಗಲಿ ಅಪ್ಪನಾಗಲಿ ನಾಮಕರಣಕ್ಕೆ ಬಂದ ಸ್ನೇಹಿತರಾಗಲಿ, ಹಕ್ಕು ಉದುರುವವರೆಗೆ ಹಸುಗೂಸಿಗೆ ಮುತ್ತು ಕೊಡಬಾರದು, ಕೈ ತೊಳೆಯದೆ ಮುಟ್ಟಬಾರದು. ಮೈಮೇಲೆ ಎಕ್ಸಿಮಾ ಇರುವ ಮಕ್ಕಳ ವಿಷಯದಲ್ಲೂ ಇದೇ ಎಚ್ಚರ ಬೇಕು. ನಮ್ಮಲ್ಲಿ ಮಗು ನೋಡಲು ಬಂದವರಿಗೆ ಬೇಡ ಅನ್ನಲು ದಾಕ್ಷಿಣ್ಯ. ಇದೊಂದು ವಿಷಯದಲ್ಲಿ ದಾಕ್ಷಿಣ್ಯ ಬಿಡಿ.

ಸಿಎಂವಿಯ ಎಚ್ಚರಿಕೆ ಅಜ್ಜಿಗಲ್ಲ, ಬಸುರಿ ತಾಯಿಗೆ. ಡೇಕೇರ್‌ಗೆ ಹೋಗುವ ಮಕ್ಕಳ ಜೊಲ್ಲು, ಮೂತ್ರದಲ್ಲಿ ಇದು ತಿಂಗಳುಗಟ್ಟಲೆ ಬರುತ್ತಿರುತ್ತದೆ. ಇಲ್ಲಿ ಇನ್ನೂರು ಶಿಶುಗಳಲ್ಲಿ ಒಂದು ಸಿಎಂವಿ ಜೊತೆ ಹುಟ್ಟುತ್ತದೆ, ಹಾಗೆ ಹುಟ್ಟಿದ ಐದರಲ್ಲಿ ಒಂದಕ್ಕೆ ಕಿವುಡಿನಂಥ ದೀರ್ಘಕಾಲದ ತೊಂದರೆ ಉಳಿಯುತ್ತದೆ. ತಾಯಿಗೆ ಮೊದಲೇ ಬಂದಿದ್ದರೆ ಅಪಾಯ ಕಡಿಮೆ, ಸೊನ್ನೆ ಅಲ್ಲ. ಹಾಗಾಗಿ ದೊಡ್ಡ ಮಗು ತಿಂದು ಬಿಟ್ಟದ್ದನ್ನು ಚೆಲ್ಲಬಾರದು ಅಂತ ತಾನು ತಿನ್ನುವ ನಮ್ಮ ತಾಯಂದಿರ ಅಭ್ಯಾಸ ಬಸುರಿಯಲ್ಲಿ ಬೇಡ. ಡೈಪರ್ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಮುತ್ತು ಬಾಯಿಗಿಂತ ನೆತ್ತಿಗೆ ಇರಲಿ. 2023ರಲ್ಲಿ ಮಿನೆಸೋಟ ರಾಜ್ಯ ಎಲ್ಲ ನವಜಾತ ಶಿಶುಗಳಿಗೂ ಇದರ ಪರೀಕ್ಷೆ ಶುರುಮಾಡಿತು, ದೇಶದಲ್ಲೇ ಮೊದಲು. ಬೇರೆ ಕಡೆ ಬೇಕೆಂದರೆ ನಾವೇ ಕೇಳಬೇಕಾಗಬಹುದು. ಹುಟ್ಟಿದ ಮೂರು ವಾರದೊಳಗೆ ಮಾಡಿಸಿದರೆ ಮಾತ್ರ ಹುಟ್ಟುವ ಮೊದಲು ಬಂದದ್ದೋ ಆಮೇಲೆ ಬಂದದ್ದೋ ಗೊತ್ತಾಗುತ್ತದೆ. ನಾವು ಕೇಳಿ ಮಾಡಿಸಿದೆವು. ನೆಗೆಟಿವ್ ಬಂತು.

ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ. ರಾತ್ರಿಯೆಲ್ಲ ಎದ್ದು ಎದ್ದು ಮೂರನೇ ವಾರಕ್ಕೆ ಅತ್ತೆಯ ತುಟಿಯಲ್ಲಿ ಮತ್ತೆ ಗುಳ್ಳೆ ಕಾಣಿಸಿಕೊಂಡಿತು. ಯಾರೂ ಹೇಳಬೇಕಾಗಲಿಲ್ಲ. ಅವರೇ ಕೋವಿಡ್ ಕಾಲದ ಮಾಸ್ಕ್ ಹುಡುಕಿ ಹಾಕಿಕೊಂಡು, "ಇದು ಉದುರೋವರೆಗೂ ಮಗೂಗೆ ನೀವೇ ನೀರು ಹಾಕಿ" ಅಂತ ನನಗೆ ಹೇಳಿದರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ವಿದ್ಯೆಯನ್ನು ಅವರು ಬಾಗಿಲಲ್ಲಿ ನಿಂತು ನಿರ್ದೇಶಿಸಿದರು. ಒಂಬತ್ತು ದಿನ ನಾನು ಹಾಕಿದೆ, ಒಂಬತ್ತು ದಿನವೂ ಅವನು ಕಿರುಚಿದ. ಪುಟ್ಟಿ ಮಾತ್ರ ಅಷ್ಟೂ ದಿನ ಅಜ್ಜಿಗೆ ಅಂಟಿಕೊಂಡೇ ಇದ್ದಳು.

ಹತ್ತನೇ ದಿನ ಬೆಳಗ್ಗೆ ಅತ್ತೆ ಮಾಸ್ಕ್ ತೆಗೆದು, ಕನ್ನಡಿಯಲ್ಲಿ ತುಟಿ ನೋಡಿಕೊಂಡು, ಸೋಪು ಹಾಕಿ ಕೈ ತೊಳೆದು, ಬಚ್ಚಲಿಗೆ ಬಂದರು. "ಕೊಡಿ ಇಲ್ಲಿ, ನಿಮಗೆ ನೀರಿನ ಹದವೇ ಗೊತ್ತಾಗಲ್ಲ."